ಒಂದು ಚುಕ್ಕೆ ಹೆಚ್ಚು

೧೯೭೮ರಲ್ಲಿ ನಾನು ಮಂಡ್ಯದ ಒಂದು ಕಚೇರಿಯ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದೆ. ಮದ್ದೂರಿನ ಹೊಳೆದಂಡೆಯಿಂದ ಕರಿಯಪ್ಪ ಎಂಬಾತ ದಿನಾ ಮೂರು ಗಂಟೆಗೆ ಶಿಂಷೆಯ ನೀರಿನ ಮಟ್ಟವನ್ನು ಟೆಲಿಪ್ರಿಂಟರಿನಲ್ಲಿ ಕಳಿಸುತ್ತಿದ್ದ. ಒಂದು ವಾರದಿಂದ ಆ ಸಂದೇಶ ಬಂದ ಕೂಡಲೇ ನಮ್ಮ ಯಂತ್ರ ನಿಂತುಹೋಗುತ್ತಿತ್ತು. ಸಾಹೇಬರು ಕರಿಯಪ್ಪನನ್ನು ಕೆಲಸದಿಂದ ತೆಗೆಯಲು ಹೊರಟಿದ್ದರು.

ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಿನಲ್ಲಿ ಸಂದೇಶಕ್ಕೆಂದು ಇಟ್ಟಿದ್ದ ಜಾಗ ಅರವತ್ತನಾಲ್ಕು ಅಕ್ಷರದ್ದು. ಬರುತ್ತಿದ್ದದ್ದು ಅರವತ್ತೈದು. ಮೊದಲು ನಾಲ್ಕು ಅಂಕಿ, ಆಮೇಲೆ ಬರೀ ಚುಕ್ಕೆಗಳ ಸಾಲು. ಹೆಚ್ಚಾದ ಆ ಒಂದು ಚುಕ್ಕೆ ಪಕ್ಕಕ್ಕೆ ತುಳುಕಿ ಪ್ರೋಗ್ರಾಮನ್ನೇ ಕೆಡಿಸುತ್ತಿತ್ತು.

ಫೋನಿನಲ್ಲಿ ವಿಚಾರಿಸಿದೆ. "ನಾಕ್ ಅಂಕಿ ಒತ್ತಿ ಕೈ ತಗೀತೀನಿ ಸಾ. ಚುಕ್ಕೆಗಿಕ್ಕೆ ನಂಗೊತ್ತಿಲ್ಲ," ಎಂದ ಕರಿಯಪ್ಪ.

ಜಾಗವನ್ನು ಎಂಬತ್ತಕ್ಕೆ ಹಿಗ್ಗಿಸಿದೆ. ಮರುದಿನ ಎಂಬತ್ತೊಂದು ಬಂತು. ನೂರು ಮಾಡಿದೆ, ನೂರೊಂದು ಬಂತು. ಮೇ ತಿಂಗಳ ಬಿಸಿಲಲ್ಲೂ ಟೆಲಿಪ್ರಿಂಟರಿನಲ್ಲಿ ಸಂದೇಶ ಅಚ್ಚಾಗಿ ಬರುತ್ತಿದ್ದ ಕಾಗದ ಕೈಗೆ ತಣ್ಣಗೆ, ಒದ್ದೆಯಾಗಿ ಹತ್ತುತ್ತಿತ್ತು.

ನನಗೂ ಸಾಕಾಗಿತ್ತು. ಕರಿಯಪ್ಪನನ್ನೇ ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಮದ್ದೂರಿನಲ್ಲಿ ಟೆಲಿಪ್ರಿಂಟರಿದ್ದ ಕೋಣೆಯ ಒಂದೇ ಒಂದು ಬೀಗದಕೈ ಅವನ ಜೇಬಿನಲ್ಲಿತ್ತು. ಯಾರಿಗೂ ಹೇಳದೆ ಜಾಗವನ್ನು ನೂರ ಮೂವತ್ತೇಳು ಮಾಡಿ, ಅದಕ್ಕಿಂತ ಹೆಚ್ಚು ಬಂದದ್ದನ್ನು ಯಂತ್ರ ಕೈಬಿಡುವಂತೆಯೂ ಬರೆದಿಟ್ಟಿದ್ದೆ.

ಮೂರು ಗಂಟೆಗೆ ಟೆಲಿಪ್ರಿಂಟರು ಬಡಿಯತೊಡಗಿತು.

"ನಾನ್ ಇಲ್ಲೇ ಇವ್ನಲ್ಲಾ ಸಾ," ಎಂದು ಕರಿಯಪ್ಪ ನನ್ನ ತೋಳು ಹಿಡಿದುಕೊಂಡ. "ಅಲ್ಲಿ ಯಾರವ್ರೆ?"

ಯಂತ್ರ ನಿಲ್ಲಲಿಲ್ಲ. ಅವನ ಕೆಲಸವೂ ಉಳಿಯಿತು. ಆದರೆ ಆ ದಿನದ ಕಾಗದದಲ್ಲಿ ಅಂಕಿಗಳೇ ಇರಲಿಲ್ಲ, ಬರೀ ಚುಕ್ಕೆಗಳು. ಇಬ್ಬರೂ ಕೂತು ಎರಡು ಸಲ ಎಣಿಸಿದೆವು. ನೂರ ಮೂವತ್ತೆಂಟಿದ್ದವು.