ಅಂಗೈಯಗಲದ ಗೋಡೆ

"ಗೋಡಿ ಪೂರಾ ಸಾರಸು ತಂಗಿ, ಯಾರು ಬ್ಯಾಡ ಅಂತಾರ? ಒಲಿ ಮಗ್ಗಲದಾಗಿನ ಆ ಅಂಗೈಯಗಲ ಜಾಗ ಮಾತ್ರ ಬಿಟ್ಟುಬಿಡು. ಈ ಮನಿ ಮುದುಕಮ್ಮ ಮೂವತ್ತು ವರ್ಷ ಬಿಟ್ಟಿದ್ಲು. ನೀನೂ ಬಿಡು."

ನೆರೆಮನೆಯ ಅಕ್ಕನಾಗಮ್ಮ ಅಡಿಗೆಮನೆಯ ಹೊಸ್ತಿಲ ಆಚೆಗೇ ನಿಂತು ಹೇಳಿದಳು. ಒಳಗೆ ಕಾಲಿಡಲಿಲ್ಲ.

ಸುವರ್ಣಮ್ಮನಿಗೆ ನಗು ಬಂತು. ಬಳ್ಳಾರಿಯ ಮಿಶನ್ ಶಾಲೆಯಲ್ಲಿ ಐದನೆಯ ಕ್ಲಾಸಿನವರೆಗೆ ಓದಿದವಳು ಅವಳು. "ಯಾಕ ದೊಡ್ಡವ್ವ, ಸಾರಿಸಿದ್ರ ಗೋಡಿಗೆ ನೆಗಡಿ ಬರ್ತೈತೇನು?"

"ನಗಬ್ಯಾಡ. ಪಿಲೇಗು ಬ್ಯಾನಿ ಬಂದ ವರ್ಷ ಒಂದ ವಾರದಾಗ ಆಕಿ ಎರಡು ಮಕ್ಕಳು ಹೋದವು. ಹಗಲು ರಾತ್ರಿ ಅಳತಿದ್ಲು. ಹೊಳಿ ಆಚೆ ಕಡೆಯವ ಒಬ್ಬ ಬಂದ. ಏನೋ ಹಚ್ಚಿದ, ಏನೋ ಓದಿದ, ಆಕಿ ಅಂಗೈ ಅಲ್ಲಿ ಒತ್ತಿಸಿದ. ಕೈ ತೆಗಿಯೋದರಾಗ ಅಳು ನಿಂತಿತ್ತು. ಆಮ್ಯಾಲೆ ಆಕಿ ಅತ್ತಿದ್ದು ನಾ ನೋಡಿಲ್ಲ. ನಕ್ಕಿದ್ದೂ ನೋಡಿಲ್ಲ. ಗಂಡ ಸತ್ತ ದಿನ ರೊಟ್ಟಿ ಬಡೀತಾ ಕುಂತಿದ್ಲು."

"ಹಂಗಾದ್ರ ನಮ್ಮ ಮನಿಯವರ ಸಿಟ್ಟು ಒಂದೀಟು ಅದಕ್ಕ ಕುಡಿಸಬೇಕು ನೋಡು."

ಅಕ್ಕನಾಗಮ್ಮ ನಗಲಿಲ್ಲ. "ಅಲ್ಲಿ ಅಂಗೈ ಇಟ್ಟವರದ್ದನ್ನ ಅದು ಕುಡೀತೈತಿ ತಂಗಿ. ತಪ್ಪಿ ಮಣ್ಣು ಹಚ್ಚಿದ್ರ, ಹಸಿ ಇರೋವಾಗ್ಲೇ ಅದೇ ಕೈಲೆ ಕೆರೆದು ತೆಗಿ. ಒಣಗಿತೋ, ಮುಗೀತು." ಇಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಕಂಪ್ಲಿಯ ಆ ಮಾಳಿಗೆ ಮನೆ ಸುವರ್ಣಮ್ಮನ ಗಂಡ ಹಾಲಸ್ವಾಮಿಯ ಸೋದರತ್ತೆಯದು. ಶಿವರಾತ್ರಿಯ ಹಿಂದೆ ಆ ಸೋದರತ್ತೆ ಮುದುಕಮ್ಮ ತೀರಿಕೊಂಡಾಗ, ಮಕ್ಕಳಿಲ್ಲದ ಮನೆ ಅವನ ಪಾಲಿಗೆ ಬಂತು. ಹಾಲಸ್ವಾಮಿ ಹೊಸಪೇಟೆಯಲ್ಲಿ ಬೋರ್ಡ್ ಶಾಲೆಯ ಮಾಸ್ತರ. ಸ್ಟೇಷನ್ನಿನ ಹಿಂದಿನ ಒಂದೇ ಕೋಣೆಯ ಬಾಡಿಗೆಮನೆಯಲ್ಲಿ ಹತ್ತು ತಿಂಗಳ ಹೆಣ್ಣುಕೂಸು ರೈಲು ಕೂಗಿದಾಗಲೆಲ್ಲ ಬೆಚ್ಚಿ ಏಳುತ್ತಿತ್ತು. ಕಂಪ್ಲಿಯ ಈ ಮನೆ ಮಾರಿದರೆ ಹೊಸಪೇಟೆಯಲ್ಲಿ ಕೂಸು ಅಂಬೆಗಾಲಿಡುವಷ್ಟು ಅಂಗಳವಿರುವ ಮನೆ ಹಿಡಿಯಬಹುದು. ಆದರೆ ನೋಡಲು ಬಂದ ಮೂವರೂ ಅಡಿಗೆಮನೆಯ ತನಕ ಬಂದು, ಎದೆ ಭಾರವಾಗುತ್ತದೆ ಎಂದು ಹಿಂದಿರುಗಿದ್ದರು. ನಾಳೆ ಬೆಲ್ಲದ ವ್ಯಾಪಾರಿ ವಿರುಪಾಕ್ಷಪ್ಪ ಹೆಂಡತಿಯನ್ನು ಕರೆದುಕೊಂಡು ಬರುವವನಿದ್ದ.

ಹೆಂಗಸು ಮೊದಲು ನೋಡುವುದು ಅಡಿಗೆಮನೆಯನ್ನೇ. ಅದು ಸುವರ್ಣಮ್ಮನಿಗೆ ಗೊತ್ತಿತ್ತು.

ಕೂಸಿಗೆ ಹಾಲು ಕುಡಿಸಿ, ನಡುಮನೆಯ ತೊಲೆಗೆ ಕಟ್ಟಿದ ಜೋಲಿಯಲ್ಲಿ ಮಲಗಿಸಿದಳು. "ಮಲಗು ನನ್ನ ಬೆಲ್ಲಾ, ಅವ್ವ ಇಲ್ಲೇ ಅದಾಳ" ಎಂದು ಅಂಗಾಲಿಗೆ ಮುತ್ತಿಟ್ಟಳು. ಸಂಡೂರಿನ ಕೆಮ್ಮಣ್ಣನ್ನು ಸಗಣಿಯ ಜೊತೆ ಕಲಸಿ ಅಡಿಗೆಮನೆಗೆ ಹೋದಳು.

ಹೊರಗೆ ಚೈತ್ರದ ಬಿಸಿಲು ಉರಿಯುತ್ತಿದ್ದರೂ ಒಳಗೆ ಕತ್ತಲೆ. ಮಾಳಿಗೆಯ ಬೆಳಕಿಂಡಿಯಿಂದ ಒಂದೇ ಒಂದು ಬೆಳಕಿನ ಕೋಲು ಇಳಿದು ನೆಲ ಮುಟ್ಟಿತ್ತು. ಹಳೆಯ ಹೊಗೆ, ಇಲಿಯ ವಾಸನೆ, ಹಸಿ ಸಗಣಿಯ ವಾಸನೆ. ಜೋಲಿಯ ಹಗ್ಗ ಕಿರ್ ಕಿರ್ ಎನ್ನುತ್ತಿತ್ತು. ಮೇಲಿನಿಂದ ಕೆಳಕ್ಕೆ ಅಂಗೈ ಬಳಸಿ ಸಾರಿಸುತ್ತ ಒಲೆಯ ಪಕ್ಕಕ್ಕೆ ಬಂದಳು. ಕೆಂಪಗೆ ನುಣುಪಾದ ಗೋಡೆಯ ನಡುವೆ ಆ ಜಾಗ ಕಜ್ಜಿಯ ಕಲೆಯಂತೆ ಕಪ್ಪಗೆ ಉಳಿದಿತ್ತು. ಇಷ್ಟನ್ನು ಬಿಟ್ಟರೆ ಕೊಳ್ಳುವವರ ಕಣ್ಣು ಇಲ್ಲಿಗೇ ಬೀಳುತ್ತದೆ.

ಒಂದು ಹಿಡಿ ಮಣ್ಣು ತೆಗೆದು ಅಂಗೈ ಅಗಲಿಸಿ ಒತ್ತಿದಳು.

ಬೆಚ್ಚಗಿತ್ತು. ಒಲೆ ಹಚ್ಚದೆ ತಿಂಗಳ ಮೇಲಾಗಿತ್ತು, ಆದರೂ ಮೈಯಂತೆ ಬೆಚ್ಚಗಿತ್ತು. ಉಪ್ಪುಪ್ಪು ವಾಸನೆ ಬಂತು. ಆಮೇಲೆ ಅಂಗೈಯ ನಡುವೆ ಏನೋ ಚೀಪಿದಂತಾಯಿತು. ಹಸಿದ ಕೂಸು ಬೆರಳು ಚೀಪುವ ಹಾಗೆ. ಕೈ ಎಳೆದಳು. ಬರಲಿಲ್ಲ. ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದು ಜಗ್ಗಿದಳು. ಚಪ್ಪೆಂದು ಬಿಟ್ಟುಕೊಂಡಿತು.

ಗೋಡೆ ನುಣ್ಣಗೆ, ಕೆಂಪಗೆ, ಏನೂ ಆಗದಂತೆ ನಿಂತಿತ್ತು.

ಬಚ್ಚಲಿಗೆ ಹೋಗಿ ಕೈ ತೊಳೆದಳು. ನೀರು ಬೀಳುವುದು ಕಣ್ಣಿಗೆ ಕಂಡಿತು, ಕೈಗೆ ತಿಳಿಯಲಿಲ್ಲ. ಹಂಡೆಯ ಕೆಳಗೆ ಕೆಂಡ ನಿಗಿನಿಗಿ ಇತ್ತು. ಪರೀಕ್ಷೆಗೆಂದು ಕಿರುಬೆರಳು ತಾಗಿಸಿದಳು. ಚರ್ಮ ಸುಟ್ಟ ವಾಸನೆ ಮೂಗಿಗೆ ಬಂತು. ನೋವು ಬರಲಿಲ್ಲ.

ಆಗ ಕೂಸು ಎದ್ದು ಅತ್ತಿತು.

ಅದು ಅತ್ತ ಕೂಡಲೇ ಎದೆ ತುಂಬಿ ಕುಪ್ಪಸ ಒದ್ದೆಯಾಗುತ್ತಿತ್ತು, ಹತ್ತು ತಿಂಗಳಿಂದ ಒಂದು ಸಲವೂ ತಪ್ಪಿರಲಿಲ್ಲ. ಇಂದು ಕುಪ್ಪಸ ಒಣಗಿಯೇ ಇತ್ತು. ಓಡಿಹೋಗಿ ಎತ್ತಿಕೊಂಡು ಮೊಲೆಗೆ ಹಚ್ಚಿದಳು. ಮರಗಟ್ಟಿದ್ದು ಮೊಣಕೈ ದಾಟಿ, ಭುಜ ದಾಟಿ ಬಂದಿತ್ತು. ಕೂಸು ಹೊಸದಾಗಿ ಮೂಡಿದ ಎರಡು ಹಲ್ಲಿನಿಂದ ಕಚ್ಚಿತು. ರಕ್ತ ಒಸರಿತು, ನೋವು ತಿಳಿಯಲಿಲ್ಲ. ಕೂಸು ಮೊಲೆ ಬಿಟ್ಟು, ಅಡಿಗೆಮನೆಯ ಕಡೆ ಮುಖ ತಿರುಗಿಸಿ, ಕಿವಿಗೊಟ್ಟು ಸುಮ್ಮನಾಯಿತು.

ಸುವರ್ಣಮ್ಮನ ಎದೆ ಧಸಕ್ಕೆಂದಿತು. ಅಷ್ಟು ಹೊತ್ತಿಗೆ ಎದೆಯೊಳಗಿನದೊಂದೇ ಉಳಿದಿತ್ತು. ಅದೂ ಹೋದರೆ? ಈ ಕೂಸು ಯಾರದ್ದಾಗುತ್ತದೆ?

ಕೂಸನ್ನು ನೆಲಕ್ಕಿಳಿಸಿ ಓಡಿದಳು. ಮಣ್ಣಿನ ಅಂಚು ಆಗಲೇ ಒಣಗಿ ಬೆಳ್ಳಗಾಗುತ್ತಿತ್ತು. ಕೆರೆದಳು. ಉಗುರು ಮುರಿಯಿತು. ಕೆರೆದಳು. ಮಣ್ಣಿನ ಅಡಿ ಗೋಡೆ ಮಿಡಿಯುತ್ತಿತ್ತು. ಒಂದು ಮೂಲೆ ಕಿತ್ತುಬಂತು. ಕಿರುಬೆರಳಲ್ಲಿ ಥಟ್ಟನೆ ಉರಿ ಎದ್ದಿತು! ಸುಟ್ಟ ಉರಿ. "ಯಪ್ಪಾ!" ಎಂದು ಚೀರಿದಳು. ಕಣ್ಣಲ್ಲಿ ನೀರು ಬಂತು. ಸುಖವಾಯಿತು. ಬರುತ್ತದೆ. ವಾಪಸು ಬರುತ್ತದೆ. ಇನ್ನೊಂದಿಷ್ಟು. ಹಿಂದೆ ಕೂಸು ಅಳುತ್ತಿತ್ತು. ಬಂದೆ ನನ್ನವ್ವಾ. ಬಂದೆ. ಇನ್ನೊಂದಿಷ್ಟು.

ಭುಜ ದಾಟಿದ ಆ ಮರಗಟ್ಟುವಿಕೆ ಎದೆಯೊಳಗೆ ಇಳಿಯಿತು. ತಣ್ಣಗೆ. ಸದ್ದಿಲ್ಲದೆ.

ಕೈ ಇನ್ನೂ ಕೆರೆಯುತ್ತಿತ್ತು. ಆಮೇಲೆ ನಿಧಾನವಾಯಿತು. ಆಮೇಲೆ ನಿಂತಿತು.

ಯಾಕೆ ಕೆರೆಯುತ್ತಿದ್ದೇನೆ ಎಂದುಕೊಂಡಳು. ನಾಳೆ ಕೊಳ್ಳುವವರು ಬರುತ್ತಾರೆ. ಕಿತ್ತುಹೋದ ಗೋಡೆಯನ್ನು ಯಾರು ಒಪ್ಪುತ್ತಾರೆ? ತಲೆ ತಿಳಿಯಾಗಿತ್ತು. ಒಂದು ಹಿಡಿ ಮಣ್ಣು ತೆಗೆದು ಆ ಮೂಲೆಯನ್ನು ಮುಚ್ಚಿ, ಅಂಗೈಯಿಂದ ನುಣ್ಣಗೆ ಒರೆಸಿದಳು. ಕಿರುಬೆರಳಿನ ಉರಿ ಕುಡಿ ಚಿವುಟಿದ ದೀಪದಂತೆ ಆರಿತು.

ಕೂಸು ಅಳುತ್ತಿತ್ತು. ಅಳುವ ಕೂಸಿಗೆ ಹಾಲು ಕೊಡಬೇಕು ಎಂಬುದು ನೆನಪಿತ್ತು. ಓಣಿಯ ಕೊನೆಯ ಮನೆಯಿಂದ ಆಕಳ ಹಾಲು ತಂದು ಒಳಲೆಯಲ್ಲಿ ಕೂಸಿನ ಬಾಯಿಗೆ ಹಾಕಿದಳು.

ಮರುದಿನ ವಿರುಪಾಕ್ಷಪ್ಪ ಪಡಸಾಲೆಯಲ್ಲೇ ಕಂಬ ತಟ್ಟುತ್ತ, ತೊಲೆಗೆ ಗೆದ್ದಲು ಹಿಡಿದಿದೆ ಎಂದು ಹಾಲಸ್ವಾಮಿಯ ಹತ್ತಿರ ಕೊಸರಾಡುತ್ತಿದ್ದ. ಅವನ ಹೆಂಡತಿ ಅಡಿಗೆಮನೆಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.

"ಏನ್ರಿ, ಇಲ್ಲಿ ಬರ್ರಿ" ಎಂದು ಒಳಗಿನಿಂದಲೇ ಕರೆದಳು. ಅವಳ ಕಣ್ಣು ತುಂಬಿತ್ತು. "ತವರಿಗೆ ಬಂದಂಗ ಆಗ್ತೈತ್ರಿ. ಯಾರೋ ತಲಿ ಸವರಿದಂಗ. ಬ್ಯಾರೆ ಮನಿ ಬ್ಯಾಡ. ಇದೇ ಇರಲಿ."

ಆಗಲೇ ಜೋಲಿಯಲ್ಲಿ ಕೂಸು ಹಸಿದು ಅತ್ತಿತು. ಒಲೆಯ ಪಕ್ಕದ ಕೆಂಪು ಗೋಡೆಯ ಮೇಲೆ ಒಂದು ಬಿಳಿ ಹನಿ ಮೂಡಿತು. ಇನ್ನೊಂದು ಮೂಡಿತು. ಗೆರೆಯಾಗಿ ಕೆಳಗೆ ಇಳಿಯಿತು.

"ಇದೇನವಾ, ಸುಣ್ಣ ಸೋರಾಕತ್ತೈತೇನು?"

ಸುವರ್ಣಮ್ಮ ಸೆರಗಿನಿಂದ ಒರೆಸಿದಳು. ಹಾಲಿನ ವಾಸನೆ ಬಂತು. "ಹಸಿ ಐತ್ರಿ ಅಕ್ಕಾರ. ಒಣಗತೈತಿ" ಎಂದಳು.

ಮಾತು ಕುದುರಿತು. ಎಲೆಅಡಿಕೆ ಕೈ ಬದಲಾಯಿತು. ಹಾಲಸ್ವಾಮಿಗೆ ಹಿಗ್ಗು. "ಮೂರು ಮಂದಿ ಬ್ಯಾಡ ಅಂದು ಹೋಗಿದ್ರು. ನೀ ಒಂದು ಕೈ ಆಡಿಸಿದಿ, ಮನಿ ಮಾರಾಟ ಆತು ನೋಡು!" ಎಂದು ನಗುತ್ತ ಬಂಡಿ ತರಲು ಹೋದ.

ಅಂಗಳದಲ್ಲಿ ಅಕ್ಕನಾಗಮ್ಮ ಅವಳ ಮುಖವನ್ನೇ ನೋಡುತ್ತ ನಿಂತಳು. "ತಂಗಿ... ಕೆರೆದಿಲ್ಲೇನು?"

"ಕೆರೆದಿದ್ದೆ ದೊಡ್ಡವ್ವ. ಆಮ್ಯಾಲೆ ಬ್ಯಾಡ ಅನಿಸ್ತು."

ಅಕ್ಕನಾಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಂಡಿ ಹೊಸಪೇಟೆಯ ದಾರಿ ಹಿಡಿಯಿತು. ಹಾಲಸ್ವಾಮಿ ಮುಂದೆ ಕೂತು ಹೊಸ ಮನೆಯ ಮಾತಾಡುತ್ತಿದ್ದ. ಸ್ವಲ್ಪ ದೂರ ಹೋದಮೇಲೆ ತಿರುಗಿದ. "ಯಾಕ ಸುಮ್ಮನ ಕುಂತಿ? ಕೂಸು ಹೆಂಗ ಅಳಾಕತ್ತೈತಿ ನೋಡು."

ಸುವರ್ಣಮ್ಮ ಬಗ್ಗಿ ನೋಡಿದಳು. ಹೌದು, ಅಳುತ್ತಿತ್ತು. ಅವಳ ತೊಡೆಯಿಂದ ಕೊಸರಿಕೊಂಡು, ಬಂಡಿಯ ಹಿಂದೆ ಚಿಕ್ಕದಾಗುತ್ತಿದ್ದ ಆ ಮಾಳಿಗೆಯ ಕಡೆಗೆ ಎರಡೂ ಕೈ ಚಾಚಿ, ತನ್ನ ತಾಯಿಯನ್ನು ಕರೆಯುತ್ತಿತ್ತು.