ಎರಡು ಬೆಲ್

ಕರೆಗಂಟೆ ಎರಡು ಸಲ ಬಾರಿಸಿತು. ಹೊಲಿಗೆ ಮಿಷನ್ನಿನ ಪೆಡಲ್ ಮೇಲಿದ್ದ ಅವಳ ಕಾಲು ತಟ್ಟನೆ ನಿಂತಿತು. ಸೂಜಿ ಶಾಲೆಯ ಅಂಗಿಯೊಂದರ ಕಾಲರಿನಲ್ಲಿ ಚುಚ್ಚಿಕೊಂಡೇ ಉಳಿಯಿತು. ಅವಳು ಫ್ಯಾನ್ ಆರಿಸಿ, ಕಾಪಿ ಬರೆಯುತ್ತಿದ್ದ ಏಳು ವರ್ಷದ ಮಗಳ ತೋಳು ಹಿಡಿದು ಎಳೆದುಕೊಂಡು ಕಿಟಕಿಯ ಕೆಳಗೆ ನೆಲದ ಮೇಲೆ ಕೂತಳು. ಹೊರಗಿನವರ ಕಣ್ಣಿಗೆ ಬೀಳದ ಜಾಗ ಇಡೀ ಮನೆಯಲ್ಲಿ ಅದೊಂದೇ. ಐದು ತಿಂಗಳಿಂದ ಇಲ್ಲಿಯ ಪದ್ಧತಿ ಇದು. ಗಂಟೆ ಬಾರಿಸಿದರೆ ಮನೆಯಲ್ಲಿ ಯಾರೂ ಇಲ್ಲದ ಹಾಗಿರಬೇಕು. ಗಂಡ ಗಂಟೆ ಮುಟ್ಟುವುದೇ ಇಲ್ಲ. ಬಾಗಿಲನ್ನು ಉಗುರಿನಿಂದ ಮೂರು ಸಲ ಕೆರೆಯುತ್ತಾನೆ. ಹಾಗೆ ಕೆರೆಯದವರೆಲ್ಲ ಸಾಲ ವಸೂಲಿಯವರು.

"ಅಮ್ಮಾ, ತಾತ ಬಂದ್ರು," ಮಗಳು ಪಿಸುಗುಟ್ಟಿದಳು. "ಎರಡು ಬೆಲ್ ಅಂದ್ರೆ ತಾತ."

ಅವಳು ಮಗಳ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು.

ತಾತನೆಂದರೆ ಅವಳ ಮಾವ, ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಒಂದು ಗಂಟೆ ಹೊಡೆದರೆ ಬಸ್ಸು ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಮನೆಯ ಬಾಗಿಲಲ್ಲೂ ಅವರ ಕೈ ಎರಡು ಸಲವೇ ಒತ್ತುತ್ತಿತ್ತು. ಮೊಮ್ಮಗಳಿಗೆ ಅವರಿಟ್ಟ ಹೆಸರು ಚಿಲ್ಲರೆ. ಕೆಲಸಕ್ಕಿದ್ದಷ್ಟು ದಿನ ತನ್ನ ಹತ್ತಿರ ಇಲ್ಲದೇ ಇದ್ದದ್ದು ಅದೊಂದೇ, ಕೊನೆಗೆ ಮಗನ ಮನೆಯಲ್ಲಿ ಸಿಕ್ಕಿತು ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಹೋದ ವರ್ಷ ಗಂಟಲಿನ ಆಪರೇಷನ್ ಆ ದನಿಯನ್ನೇ ತೆಗೆದುಕೊಂಡು ಹೋಯಿತು. ಆಮೇಲೆ ಒಂದು ಸ್ಲೇಟು, ಒಂದು ಬಳಪ. ಮಗನ ಜೆರಾಕ್ಸ್ ಅಂಗಡಿ ಮುಚ್ಚಿ, ಅದಕ್ಕಾಗಿ ತೆಗೆದ ಸಾಲ ಬಾಗಿಲಿಗೆ ಬಂದು ಕೂಗಾಡತೊಡಗಿದಾಗ, ಆಸ್ಪತ್ರೆ ಹತ್ತಿರವೆಂಬ ನೆಪ ಹೇಳಿ ಗಂಡ ಹೆಂಡತಿ ಅವರನ್ನು ನಾದಿನಿಯ ಮನೆಗೆ ಬಿಟ್ಟು ಬಂದಿದ್ದರು. ಸಾಲದ ಮಾತು ಅವರ ಕಿವಿಗೆ ಬೀಳಬಾರದೆಂದು ಗಂಡ ಹೆಂಡತಿಯಿಂದ ಮಗಳ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದ. ಒಂದು ದಿನವೂ ಯಾರ ಹತ್ತಿರವೂ ಕೈಚಾಚದ ಮನುಷ್ಯ ಅವರು.

ಹೋದ ವಾರ ಬಂದ ವಸೂಲಿಯವನೂ ಎರಡು ಸಲವೇ ಒತ್ತಿದ್ದ. ಅವಳ ಮನಸ್ಸಿನಲ್ಲಿದ್ದದ್ದು ಅವನೊಬ್ಬನೇ. ಮತ್ತೆ ಗಂಟೆ ಆಯಿತು, ಮತ್ತೆ ಎರಡು. ಆಮೇಲೆ ಸದ್ದಿಲ್ಲ. ಮಗಳ ಕಣ್ಣೀರು ಬೆರಳ ಸಂದಿಗೆ ಇಳಿಯುತ್ತಿದ್ದರೂ ಅವಳು ಕೈ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಯಾರೋ ಒಂದೊಂದೇ ಮೆಟ್ಟಿಲು ಇಳಿದು ಹೋದ ಸದ್ದು... ಅಷ್ಟು ನಿಧಾನವಾಗಿ ವಸೂಲಿಯವರು ಇಳಿಯುವುದಿಲ್ಲವೆಂದು ಆಗಲಾದರೂ ಅವಳಿಗೆ ಹೊಳೆಯಬೇಕಿತ್ತು.

ಸಂಜೆ ಬಾಗಿಲು ಕೆರೆದ ಗಂಡ ಒಳಗೆ ಬಂದು ಅಂಗೈ ಚಾಚಿದ. ಬಸ್ ಟಿಕೆಟನ್ನು ಮಡಚಿ ಮಾಡಿದ ಒಂದು ಪುಟ್ಟ ದೋಣಿ. ಚಿಲಕದ ಸಂದಿಯಲ್ಲಿ ಸಿಕ್ಕಿಸಿಟ್ಟಿತ್ತಂತೆ. ತಾತ ಮಾಡಿಕೊಟ್ಟ ಅಂಥ ದೋಣಿಗಳು ಮಗಳ ಪೆಟ್ಟಿಗೆಯಲ್ಲಿ ನೂರಿದ್ದವು. ಮಗಳು ಅದನ್ನು ತೆಗೆದುಕೊಂಡು ಪೆಟ್ಟಿಗೆಗೆ ಹಾಕಿ ಬಂದಳು. "ನಾನು ಹೇಳಿದ್ದೆ" ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು ತಾಯಿಗೆ.

ಗಂಡ ತಂಗಿಗೆ ಫೋನ್ ಮಾಡಿದ. ಅಪ್ಪ ಬಟ್ಟೆಯ ಚೀಲದ ಸಮೇತ ಹಿಂದಿರುಗಿ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ, ಊಟ ಬೇಡವೆಂದಿದ್ದಾರೆ ಎಂದು ಮಾತ್ರ ಹೇಳಿ ಅವಳು ಇಟ್ಟುಬಿಟ್ಟಳು. ಬಸ್ಸು ತಪ್ಪಿತು, ಮನೆಗೆ ಬೀಗವಿತ್ತು, ಏನಾದರೂ ಒಂದು ಹೇಳೋಣ ಎಂದು ಗಂಡ ಶುರು ಮಾಡಿದ. ಹೆಂಡತಿ ಒಪ್ಪಲಿಲ್ಲ. ಆಣೆ ಮುರಿದ ದೋಷ ತನ್ನ ತಲೆಯ ಮೇಲೆ ಬರಲಿ, ಇನ್ನು ತನ್ನಿಂದ ಈ ಮನೆಯಲ್ಲಿ ಉಸಿರು ಬಿಗಿ ಹಿಡಿದು ಬದುಕಲು ಆಗುವುದಿಲ್ಲ ಎಂದಳು. ಗಂಡ ತಲೆ ತಗ್ಗಿಸಿದ.

ಮರುದಿನ ಮುಂಜಾನೆ ಅವಳೊಬ್ಬಳೇ ಹೋದಳು. ನಾದಿನಿ ಬಾಗಿಲು ತೆರೆದಳು, ದಾರಿ ಬಿಡಲಿಲ್ಲ.

"ಮಿಷನ್ ಸದ್ದು ಕೇಳ್ಕೊಂಡೇ ಅಪ್ಪ ಮೆಟ್ಟಿಲು ಹತ್ತಿದ್ರಂತೆ. ಬೆಲ್ ಹೊಡೆದ ತಕ್ಷಣ ನಿಂತ್ಹೋಯ್ತಂತೆ. ಸ್ಲೇಟಲ್ಲಿ ಬರೆದು ತೋರಿಸಿದ್ರು. ಬೇಡ ಅನ್ನಿಸಿದ್ರೆ ಬೇಡ ಅನ್ಬೇಕಿತ್ತು ಅತ್ತಿಗೆ. ಮಾತಾಡೋಕೆ ನಿಮಗೇನು ಗಂಟಲಿಲ್ವಾ?"

ಅವಳು ಪಕ್ಕದಿಂದ ನುಸುಳಿ, ಮಾವನ ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ನಿನ್ನೆ ಕಿಟಕಿಯ ಕೆಳಗೆ ಕೂತಿದ್ದ ಹಾಗೆಯೇ, ಮೊಣಕಾಲು ಮಡಚಿ. ಅವರು ಇನ್ನೂ ಗೋಡೆಯ ಕಡೆಗೇ ತಿರುಗಿದ್ದರು. ಆ ಬೆನ್ನಿಗೆ ಅವಳು ಎಲ್ಲವನ್ನೂ ಹೇಳಿದಳು. ಅಂಗಡಿ ಮುಚ್ಚಿದ್ದು, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದ್ದು, ನೆರೆಮನೆಗೂ ಕೇಳುವಂತೆ ಬಾಗಿಲಲ್ಲಿ ನಿಂತು ಬೈದವರು, ಅಕ್ಕಪಕ್ಕದವರ ಮುಖ ನೋಡಲಾಗದೆ ಕಸದ ಬುಟ್ಟಿಯನ್ನೂ ನಸುಕಿನಲ್ಲೇ ಹೊರಗಿಡುವುದು, ಮಗಳಿಗೆ ಉಸಿರು ಬಿಗಿಹಿಡಿಯಲು ಕಲಿಸಿದ್ದು.

"ಚಿಲ್ಲರೆಗೆ ಗೊತ್ತಾಗಿತ್ತು ಮಾವ. ತಾತ ಅಂತ ಹೇಳ್ತಾನೇ ಇದ್ಲು. ನಾನೇ ಅವಳ ಬಾಯಿ ಮುಚ್ಚಿದೆ... ಈ ಕೈಲೇ."

ಬಾಗಿಲಲ್ಲಿ ನಿಂತಿದ್ದ ನಾದಿನಿ ಸೆರಗು ಬಾಯಿಗಿಟ್ಟುಕೊಂಡಳು. ಮಾವ ಮೆಲ್ಲನೆ ಇತ್ತ ತಿರುಗಿದರು. ದಿಂಬಿನ ಅಡಿಯಿಂದ ಸ್ಲೇಟು ತೆಗೆದು ಬಹಳ ಹೊತ್ತು ಬರೆದರು.

'ಮಿಷನ್ ನಿಂತಾಗ, ನೀನು ಎದ್ದು ಬರ್ತಿದ್ದೀಯ ಅಂದ್ಕೊಂಡೆ. ಅದಕ್ಕೇ ಕಾಯ್ತಾ ನಿಂತಿದ್ದೆ.'

ಅವಳು ಓದಿದಳು. ಓದಿ, ಮಂಚದ ಅಂಚಿಗೆ ಹಣೆಯಿಟ್ಟಳು. ಮಾವ ಅಂಗೈಯಿಂದ ಅಕ್ಷರಗಳನ್ನು ಒರೆಸಿ, ಮತ್ತೆ ಬರೆದು, ಅವಳ ಭುಜ ತಟ್ಟಿ ತೋರಿಸಿದರು.

'ಚಿಲ್ಲರೆ ಹೆದರಿದ್ಲಾ?'

ಸಾಲದ ಬಗ್ಗೆ ಅವರು ಬರೆದದ್ದು ಒಂದೇ ಸಾಲು. ಸಾಲ ಮಾಡಿದವನು ಕಳ್ಳನಲ್ಲ, ಕಳ್ಳನ ಹಾಗೆ ಯಾಕೆ ಕೂರಬೇಕು ಎಂದು. ಆಮೇಲೆ ನಗುವ ಹಾಗೆ ತುಟಿ ಎಳೆದು, ಸೋಮವಾರ ಬರುತ್ತೇನೆ, ಎರಡು ಬೆಲ್, ನೆನಪಿರಲಿ ಎಂದು ಬರೆದರು. ಮನೆಗೆ ಹೋಗಿ ಅವಳು ಅವರ ಮಂಚ ಬಿಸಿಲಿಗೆ ಹಾಕಿದಳು. ಮಗಳು ಬಾಗಿಲ ಬಳಿ ಕುರ್ಚಿ ಎಳೆದಿಟ್ಟು, ಸೋಮವಾರ ಚಿಲಕ ತೆಗೆಯುವವಳು ತಾನೇ ಎಂದು ಘೋಷಿಸಿದಳು.

ಶನಿವಾರ ಬೆಳಿಗ್ಗೆ ನಾದಿನಿ ಕಾಫಿ ತೆಗೆದುಕೊಂಡು ಹೋದಾಗ ಮಾವ ಎದ್ದಿರಲಿಲ್ಲ. ಬಟ್ಟೆಯ ಚೀಲ ಕಟ್ಟಿ ಕಾಲ ಬಳಿ ಇಟ್ಟುಕೊಂಡಿದ್ದರಂತೆ.

ಹದಿನೈದು ದಿನ ಕಳೆಯಿತು, ಮಾವನ ತಿಥಿಯೂ ಮುಗಿಯಿತು. ಮಧ್ಯಾಹ್ನ ಅವಳು ಬಟ್ಟೆ ಹೊಲಿಯುತ್ತಿದ್ದಾಗ ಕರೆಗಂಟೆ ಬಾರಿಸಿತು. ಒಂದು... ಎರಡು. ಮಗಳು ಪೆನ್ಸಿಲ್ ಬಿಟ್ಟು, ಅಭ್ಯಾಸದಂತೆ ಕಿಟಕಿಯ ಕೆಳಗೆ ಹೋಗಿ ಮುದುಡಿ ಕೂತಳು. ತನ್ನ ಬಾಯಿಯನ್ನು ತಾನೇ ಅಂಗೈಯಿಂದ ಮುಚ್ಚಿಕೊಂಡಿದ್ದಳು.

ಅದನ್ನು ಕಂಡು ಅವಳು ಮಿಷನ್ ನಿಲ್ಲಿಸಿ ಎದ್ದಳು. ಮಗಳ ಕೈಯನ್ನು ಬಾಯಿಂದ ಬಿಡಿಸಿ, ಅದೇ ಕೈ ಹಿಡಿದುಕೊಂಡು ಹೋಗಿ, ಬಾಗಿಲು ಪೂರ್ತಿ ತೆರೆದಳು.

ವಸೂಲಿಯವನು ಬಾಗಿಲು ತೆರೆಯುತ್ತದೆಂದು ಎಣಿಸಿರಲಿಲ್ಲವೇನೋ, ಒಂದು ಹೆಜ್ಜೆ ಹಿಂದೆ ಸರಿದ.

"ಮನೆಯಲ್ಲೇ ಇದ್ದೀವಿ," ಎಂದಳು. "ಈ ತಿಂಗಳು ಪೂರ್ತಿ ಕೊಡೋಕಾಗಲ್ಲ. ಎಷ್ಟಾಗುತ್ತೆ ಅಂತ ಹೇಳ್ತೀನಿ, ಬನ್ನಿ, ಕೂತ್ಕೊಳ್ಳಿ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಅವಳು ಮಾತ್ರ ಬಾಗಿಲಲ್ಲೇ ಇನ್ನೊಂದು ಗಳಿಗೆ ನಿಂತು, ಅವನು ಹತ್ತಿ ಬಂದ ಮೆಟ್ಟಿಲುಗಳನ್ನು ಕೆಳಗಿನವರೆಗೂ ನೋಡಿದಳು.