ನಾನಿಯ ಚೊಂಗೆ

“ಎಸರಂದ್ರ ರೊಟ್ಟಿ ಹಿಟ್ಟಿಗೆ ಹಾಕೂ ಕುದಿನೀರು. ಬರ್ಕೊ,” ಎಂದರು ಚಂದ್ರವ್ವ.

ಸುಗರಾ ಬರೆದುಕೊಂಡಳು. ಖಾಸಬಾಗದ ಆ ಓಣಿಯಲ್ಲಿ ಚಂದ್ರವ್ವನದು ಪಕ್ಕದ ಮನೆ. ಅಡುಗೆಮನೆಯ ಹಳೆಯ ಮಾತು ಐದು ಕೇಳಿಕೊಂಡು ಬರಬೇಕೆಂದು ಗುರುಪುತ್ರಪ್ಪ ಸರ್ ಹೋಮ್‌ವರ್ಕ್ ಕೊಟ್ಟಿದ್ದರು.

“ಜಿಗಿ ಅಂದ್ರೇನ್ರಿ?”

“ಹಿಟ್ಟಿನ ಅಂಟು. ಜಿಗಿ ಇಲ್ಲಂದ್ರ ಬಡಿಯೂ ಮುಂದ ರೊಟ್ಟಿ ಹರೀತೈತಿ. ಇನ್ನ ಮುಟಗಿ ಬರ್ಕೊ. ಬಿಸಿ ರೊಟ್ಟಿಗೆ ಬಳ್ಳೊಳ್ಳಿ, ಉಪ್ಪು, ಖಾರ ಹಾಕಿ ಕುಟ್ಟಿ, ಮುಷ್ಟಿಯೊಳಗ ಹಿಚುಕಿ ಉಂಡಿ ಮಾಡೂದು.”

ಸುಗರಾಳ ನಾನಿ ರಾಜಬೀ ತಮ್ಮ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಎಲ್ಲ ಕೇಳುತ್ತಿದ್ದರು. ಅವರು ತಮ್ಮ ಊರು ಗುಂಜಿಯಿಂದ ಬಂದು ಹದಿನೈದು ದಿನವಾಗಿತ್ತು. ಮನೆಯಲ್ಲಿ ಉರ್ದು, ಊರಲ್ಲಿ ಮರಾಠಿ. ಅವರಿಗೆ ಕನ್ನಡ ಅಷ್ಟಕ್ಕಷ್ಟೇ.

“ನನ್ನ ಹತ್ತಿರವೂ ಅಂಥ ಮಾತುಗಳಿವೆ ಬೇಟಿ,” ಎಂದು ಉರ್ದುವಿನಲ್ಲಿ ಕರೆದರು. “ಬಘಾರ್, ದಮ್, ಮೋಯನ್... ಚೊಂಗೆಯ ಸಿಹಿ ರೊಟ್ಟಿ ಮಾಡುವುದನ್ನೂ ಹೇಳುತ್ತೇನೆ ಬಾ.”

ಸುಗರಾ ತಲೆ ಎತ್ತಲಿಲ್ಲ. ಉರ್ದುವಿನಲ್ಲೇ ಅಂದಳು: “ಅವು ಕನ್ನಡ ಅಲ್ಲ ನಾನಿ. ಕ್ಲಾಸಿನಲ್ಲಿ ಎಲ್ಲರೂ ನಗುತ್ತಾರೆ.”

ನಾನಿ ಮೊರ ಎಳೆದುಕೊಂಡರು. ಮತ್ತೆ ಅಕ್ಕಿ ಆರಿಸತೊಡಗಿದರು.

ಮರುದಿನ ಕ್ಲಾಸಿನಲ್ಲಿ ಆರು ಜನ ‘ಎಸರು’ ಬರೆದುಕೊಂಡು ಬಂದಿದ್ದರು. ಸುಗರಾ ಓದಿದ್ದನ್ನು ಸರ್ ಕೇಳಿದರು.

“ಛಲೋ ಐತಿ. ಆದ್ರ ನಿಮ್ಮ ಮನಿ ಮಾತು ಒಂದೂ ಇಲ್ಲಲ್ಲ. ಮೊಹರಮ್ಮಿಗೆ ಚೊಂಗೆ ಮಾಡತಾರ. ನಾ ಸಣ್ಣಾಂವ ಇದ್ದಾಗ ನಮ್ಮ ಮನ್ಯಾಗೂ ಮಾಡತಿದ್ರು. ಹೆಂಗ ಮಾಡೂದು ಹೇಳು, ಎಲ್ಲಾರೂ ಬರ್ಕೊಳ್ಳಿ.”

ಇಡೀ ಕ್ಲಾಸು ಪೆನ್ಸಿಲ್ ಹಿಡಿದು ಅವಳತ್ತ ನೋಡಿತು.

“ಗೊತ್ತಿಲ್ರಿ ಸರ್.”

“ಮನ್ಯಾಗ ದೊಡ್ಡಾವ್ರನ್ನ ಕೇಳಬೇಕಿತ್ತವಾ.”

ಯಾರೂ ನಗಲಿಲ್ಲ. ಸುಗರಾಳ ಕಿವಿ ಮಾತ್ರ ಬಿಸಿಯಾಯಿತು.

ಶಾಲೆ ಬಿಟ್ಟೊಡನೆ ಅವಳು ಮನೆಗೆ ಓಡಿದಳು. ನಾನಿ ಸ್ಟೌ ಒರೆಸುತ್ತಿದ್ದರು. ಸುಗರಾ ಅವರೆದುರು ಬರೆಯುವ ವಹಿ ಬಿಚ್ಚಿಕೊಂಡು ಕೂತಳು.

“ನಾನಿ, ಚೊಂಗೆ ಹೇಗೆ ಮಾಡುತ್ತಾರೆ? ಸರ್ ಕೇಳಿದರು.”

ನಾನಿ ಕೈ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಕನ್ನಡದಲ್ಲಿ ಶುರುಮಾಡಿದರು.

“ಗೋದಿ... ಹಿಟ್ಟು. ಬೆಲ್ಲದ ನೀರು. ಮತ್ತ ತುಪ್ಪ ಕಾಸಿ, ಹಿಟ್ಟಿನ ಮ್ಯಾಲ ಹಾಕೋದು. ಅದಕ್ಕ... ಅದಕ್ಕ...”

“ಮೋಯನ್. ಅದನ್ನೇ ಹೇಳಿ ನಾನಿ, ನಮ್ಮ ಮಾತಿನಲ್ಲೇ ಹೇಳಿ.”

“ಬ್ಯಾಡ. ಎಲ್ಲಾರೂ ನಗತಾರ.”

ನಾನಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಮೊಮ್ಮಗಳಿಗೆ ತೊಂದರೆಯಾಗಬಾರದು ಎಂಬ ಕಾಳಜಿಯಷ್ಟೇ ಇತ್ತು. ಅವರು ಅಂಗೈಯನ್ನು ನೆಲಕ್ಕೆ ಒತ್ತಿ ತೋರಿಸಿದರು.

“ಲಟ್ಟಿಸಿ... ಬುಟ್ಟಿ ಬೆನ್ನಿಗೆ ಹಿಂಗ ಒತ್ತೋದು. ಬುಟ್ಟಿ ನಕ್ಷಿ ಚೊಂಗೆಗೆ ಬರ್ತದ. ಆಮ್ಯಾಲ ತವಾ. ಮ್ಯಾಲ ಬೆಲ್ಲ, ಗಸಗಸಿ.”

ಸುಗರಾ ‘ಮೋಯನ್’ ಎಂದು ದೊಡ್ಡದಾಗಿ ಬರೆದಳು. ಅದರ ಮುಂದೆ, ‘ಹಿಟ್ಟಿಗೆ ಹಾಕುವ ಕಾಸಿದ ತುಪ್ಪ’ ಎಂದು ಬರೆದಳು. ಓದಲು ಬಾರದ ನಾನಿ ಬಗ್ಗಿ ನೋಡಿದರು.

“ಇದು ಕನ್ನಡ ಏನು?”

“ಹೌದ್ರಿ ನಾನಿ. ಇದೂ ಕನ್ನಡನ.”

ನಾನಿ ತಲೆಯಾಡಿಸಿದರು. ಆದರೂ ಮುಂದಿನ ಮಾತನ್ನು ಹೇಳುವಾಗ ಅವರು ಮತ್ತೆ ತಡವರಿಸಿದರು, ಕನ್ನಡದ ಪದಕ್ಕಾಗಿ ಹುಡುಕಿದರು. ಸುಗರಾ ವಹಿ ಮುಚ್ಚಿ, ನಾನಿಯ ತೋಳಿಗೆ ಒರಗಿ, ಆ ಪದ ಸಿಗುವವರೆಗೂ ಕಾದು ಕೂತಳು.